ಶ್ರುತಿ ಇಳಿಸಿ ಹಾಡಿದರೆ ತಪ್ಪೇನು?

ರಾಕ್‌ಗೆ ವಯಸ್ಸಾಯಿತು ಅನ್ನುವ ಮಾತನ್ನು ಕಾಲೇಜು ದಿನಗಳಿಂದಲೂ ಕೇಳುತ್ತಾ ಬಂದಿದ್ದೇನೆ. ಆಗ ಅದು ವಾದಕ್ಕೆ ಹೇಳುವ ಮಾತಾಗಿತ್ತು. ಈಗ ಸುಮ್ನೆ ಲೆಕ್ಕ ಹಾಕಿದರೆ ಸಾಕು. ರೋಲಿಂಗ್ ಸ್ಟೋನ್ಸ್‌ನ ಹಾಡುಗಾರ ಮಿಕ್ ಜಾಗರ್, ಗಿಟಾರ್ ನುಡಿಸುವ ಕೀತ್ ರಿಚರ್ಡ್ಸ್ ಇಬ್ಬರೂ 1943ರಲ್ಲಿ ಹುಟ್ಟಿದವರು. ಡೀಪ್ ಪರ್ಪಲ್‌ನ ಹಾಡುಗಾರ ಇಯಾನ್ ಗಿಲ್ಲನ್ 1945ರವರು. ನಮ್ಮ ಮನೆಗಳಲ್ಲಾದರೆ ಮುತ್ತಜ್ಜ ಅನ್ನಿಸಿಕೊಳ್ಳುವ ವಯಸ್ಸು. ಅವರು ಇನ್ನೂ ಹಾಡುತ್ತಿದ್ದಾರೆ, ಹೊಸ ಆಲ್ಬಂ ತರುತ್ತಿದ್ದಾರೆ, ಜನ ದುಡ್ಡು ಕೊಟ್ಟು ಕೇಳುತ್ತಿದ್ದಾರೆ.

"ಮಾವ, ಇವರ ಕಾಲ ಮುಗೀತು. ಈಗ ಬರೀ ಹೆಸರು ಮಾರ್ತಿದಾರೆ" ಅನ್ನುತ್ತಾನೆ ನನ್ನ ಅಕ್ಕನ ಮಗ. ಅವನು ಇಲ್ಲೇ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಗಿಟಾರ್ ನುಡಿಸುತ್ತಾನೆ, ಕಾಲೇಜಿನ ಫೆಸ್ಟಿಗೆ ಬ್ಯಾಂಡ್ ಕಟ್ಟಿಕೊಂಡು ವೇದಿಕೆ ಹತ್ತುತ್ತಾನೆ. ಬಾಯಿಗೆ ಬಂದದ್ದನ್ನು ಹೇಳುವ ಹುಡುಗ ಅಲ್ಲ. ಹಾಗಾಗಿ ಅವನಿಗೆ ಸರಿಯಾಗಿ ಉತ್ತರ ಕೊಡಬೇಕು ಅನ್ನಿಸಿತು. "ನಿಂಗೆ ಗೊತ್ತಾಗಲ್ಲ ಬಿಡೋ" ಅಂತ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ, ಯಾಕಂದ್ರೆ ನನಗೆ ಈ ಸಂಗೀತ ಅಂದರೆ ಪ್ರಾಣ.

ಇಂಗ್ಲೆಂಡಿನ ರಾಕ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನಿಂದ ಶುರು ಮಾಡುತ್ತೇನೆ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಅವರ ಕೊನೆಯ ಕಾರ್ಯಕ್ರಮ ನಡೆಯಿತು. ಆಝಿ ಆಸ್ಬರ್ನ್, ಟೋನಿ ಐಯೋಮಿ, ಗೀಝರ್ ಬಟ್ಲರ್, ಬಿಲ್ ವಾರ್ಡ್, ಮೊದಲಿನ ನಾಲ್ಕೂ ಜನ 2005ರ ನಂತರ ಮೊದಲ ಸಲ ಒಟ್ಟಿಗೆ ನುಡಿಸಿದರು. ಅವರು ಹುಟ್ಟಿ ಬೆಳೆದ ಆಸ್ಟನ್ ಅನ್ನುವ ಕಾರ್ಮಿಕರ ಬಡಾವಣೆಯಲ್ಲೇ ಆ ಮೈದಾನ ಇರುವುದು. ಆಝಿಗೆ ಪಾರ್ಕಿನ್ಸನ್ಸ್ ಕಾಯಿಲೆ. ನಿಲ್ಲಲು ಆಗುತ್ತಿರಲಿಲ್ಲ. ದೊಡ್ಡ ಕಪ್ಪು ಸಿಂಹಾಸನದಲ್ಲಿ ಕೂತು ಹಾಡಿದರು. ಏಳಬೇಕು ಅಂತ ಮೈಯನ್ನು ಮುಂದಕ್ಕೆ ದೂಡುತ್ತಿದ್ದರು, ಆಗುತ್ತಿರಲಿಲ್ಲ, ಆದರೂ ಕೈ ಎತ್ತಿ ಜನರನ್ನು ಕೂಗಿಸುತ್ತಿದ್ದರು. ಅದಾದ 17 ದಿನಕ್ಕೆ ತೀರಿಕೊಂಡರು. 76 ವರ್ಷ.

ಇದನ್ನು ನೋಡಿ ಕಣ್ಣೀರು ಹಾಕಿದವರು ಬಹಳ. ನಾನೂ ಹಾಕಿದೆ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಪಕ್ಕದಲ್ಲಿ ಗಿಟಾರ್ ನುಡಿಸುತ್ತಿದ್ದ ಐಯೋಮಿ ಅವರ ಬೆರಳುಗಳು. ಅವರು ಎಡಗೈಯವರು, ಹಾಗಾಗಿ ತಂತಿ ಒತ್ತುವುದು ಬಲಗೈ. 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಮಿಷನ್ನಿಗೆ ಸಿಕ್ಕಿ ಆ ಕೈಯ ಎರಡು ಬೆರಳುಗಳ ತುದಿ ತುಂಡಾದವು. ಅದು ಅಲ್ಲಿ ಅವರ ಕೊನೆಯ ದಿನದ ಕೆಲಸ. ಇನ್ನು ಗಿಟಾರ್ ಮುಗಿಯಿತು ಅಂದರು ಎಲ್ಲರೂ. ಈ ಹುಡುಗ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳ ತುದಿಗೆ ಟೋಪಿ ಮಾಡಿಕೊಂಡ. ಅದರ ಮೇಲೆ ಚರ್ಮದ ಚೂರು ಅಂಟಿಸಿದ. ಮಾಮೂಲಿ ತಂತಿ ಒತ್ತಿದರೆ ನೋವು, ಅದಕ್ಕೆ ತೆಳು ತಂತಿ ಹಾಕಿದ. ಅದೂ ಸಾಲದೆ 1971ರ ಮೂರನೇ ಆಲ್ಬಂ ಹೊತ್ತಿಗೆ ಕೆಲವು ಹಾಡುಗಳಿಗೆ ಗಿಟಾರಿನ ಶ್ರುತಿಯನ್ನೇ ಮೂರು ಸೆಮಿಟೋನ್, ಅಂದರೆ ಮೂರು ಅರ್ಧ ಸ್ವರ, ಇಳಿಸಿದ. ತಂತಿ ಸಡಿಲವಾಯಿತು, ಬೆರಳಿಗೆ ಸುಲಭವಾಯಿತು. ಜೊತೆಗೆ ಸದ್ದು ದಪ್ಪವಾಯಿತು, ಭಾರವಾಯಿತು, ಎದೆಗೆ ಗುದ್ದುವ ಹಾಗಾಯಿತು. ಇವತ್ತು ಹೆವಿ ಮೆಟಲ್ ಅಂತ ನಾವು ಕೇಳುವ ಸದ್ದಿನ ಬೇರು ಇಲ್ಲಿದೆ.

ನನ್ನ ವಾದ ಇಲ್ಲಿಂದಲೇ ಹುಟ್ಟುವುದು. ಮೈಗೆ ಒಂದು ಕಷ್ಟ ಬಂದಾಗ ಅದನ್ನು ಮುಚ್ಚಿಡದೆ, ಅದಕ್ಕೆ ತಕ್ಕ ಹಾಗೆ ಸಂಗೀತವನ್ನು ಬದಲಿಸಿಕೊಂಡರೆ ಹೊಸ ಸಂಗೀತ ಬರುತ್ತದೆ. ಗಾಯಕ್ಕೆ ಅದು ನಿಜವಾದರೆ ವಯಸ್ಸಿಗೆ ಯಾಕೆ ಆಗಬಾರದು? ವಯಸ್ಸಾದ ಬ್ಯಾಂಡುಗಳಲ್ಲಿ ಯಾವುದು ಇವತ್ತಿಗೆ ಬೇಕು, ಯಾವುದು ಬೇಡ ಅಂತ ನಾನು ತೂಗುವುದು ಇದರಿಂದಲೇ. ವಯಸ್ಸನ್ನು ಸಂಗೀತದೊಳಗೆ ಬಿಟ್ಟುಕೊಂಡಿದ್ದಾರಾ, ಇಲ್ಲ ಬಾಗಿಲ ಹೊರಗೆ ನಿಲ್ಲಿಸಿದ್ದಾರಾ?

ವಯಸ್ಸಾದಂತೆ ಗಂಟಲಿಗೆ ಏನಾಗುತ್ತದೆ ಅನ್ನುವುದು ಗುಟ್ಟೇನಲ್ಲ. ಸ್ವರತಂತುಗಳ ಸ್ನಾಯು ತೆಳುವಾಗುತ್ತದೆ, ಮೊದಲಿನ ಹಾಗೆ ಬಾಗುವುದಿಲ್ಲ. ಶ್ವಾಸಕೋಶದಲ್ಲಿ ಮೊದಲಿನಷ್ಟು ಉಸಿರು ನಿಲ್ಲುವುದಿಲ್ಲ. ಮೇಲಿನ ಸ್ವರಗಳು ಮೊದಲು ಹೋಗುತ್ತವೆ. ರಾಕ್ ಹಾಡುಗಾರರ ಕಷ್ಟ ಏನಂದರೆ, ಇಪ್ಪತ್ತೈದರ ವಯಸ್ಸಿನಲ್ಲಿ ಕಿರುಚಿ ಹಾಡಿದ ಹಾಡೇ ಅವರ ಹೆಸರಾಗಿರುತ್ತದೆ. ಜನ ಬಂದು ಕೇಳುವುದೂ ಅದನ್ನೇ.

ಗಿಲ್ಲನ್ ಅವರನ್ನೇ ನೋಡಿ. 1970ರಲ್ಲಿ ಡೀಪ್ ಪರ್ಪಲ್ ತಂದ 'ಚೈಲ್ಡ್ ಇನ್ ಟೈಮ್' ಹತ್ತು ನಿಮಿಷದ ಹಾಡು. ಮೆಲ್ಲಗೆ ಶುರುವಾಗಿ ಏರುತ್ತಾ ಏರುತ್ತಾ ಕೊನೆಗೆ ಪದವೇ ಇಲ್ಲದ ಕೂಗಾಗುತ್ತದೆ. ಎಷ್ಟೋ ವರ್ಷಗಳಿಂದ ಅವರು ಅದನ್ನು ವೇದಿಕೆಯಲ್ಲಿ ಹಾಡುತ್ತಿಲ್ಲ. ಜನ ಕೇಳುತ್ತಲೇ ಇರುತ್ತಾರೆ, ಅವರು ಹಾಡುವುದಿಲ್ಲ. ರೆಕಾರ್ಡ್ ಮಾಡಿದ ದನಿಯನ್ನು ಹಿಂದಿನಿಂದ ಹಾಕಿ ತುಟಿ ಆಡಿಸಬಹುದಿತ್ತು. ಹಾಗೆ ಮಾಡಲಿಲ್ಲ. ಆ ಹಾಡನ್ನು ಕೈಬಿಟ್ಟು, ಈಗಿನ ದನಿಗೆ ಒಗ್ಗುವ ಹೊಸ ಹಾಡು ಬರೆದರು. ಅದಕ್ಕೆ ನನಗೆ ಅವರ ಮೇಲೆ ಗೌರವ.

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ತೊಂಬತ್ತರ ದಶಕದಿಂದಲೂ ವೇದಿಕೆಯಲ್ಲಿ ಹಳೆ ಹಾಡುಗಳನ್ನು ಅರ್ಧ ಸ್ವರ ಇಳಿಸಿ ನುಡಿಸುತ್ತದೆ. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅಲ್ಲಿ ಸೇರಿದ್ದ ಅಷ್ಟೂ ಜನರಲ್ಲಿ ಶ್ರುತಿ ಇಳಿದಿದೆ ಅಂತ ಬೇಜಾರು ಮಾಡಿಕೊಂಡವರನ್ನು ನಾನು ಕಂಡಿಲ್ಲ.

ನಮ್ಮ ಊರಿನ ಒಂದು ಸಂಗತಿ ಹೇಳಬೇಕು. ಗಣೇಶನ ಹಬ್ಬ ಬಂದರೆ ತುಮಕೂರಿನ ಬಡಾವಣೆಗಳಲ್ಲಿ ಇವತ್ತಿಗೂ ಆರ್ಕೆಸ್ಟ್ರಾ ಇರುತ್ತದೆ. ನಮ್ಮ ಬೀದಿಗೆ ಬರುವ ತಂಡದಲ್ಲಿ ಹಾಡುವವರು ರಿಟೈರ್ ಆದ ಮೇಷ್ಟ್ರು, ಅರವತ್ತು ದಾಟಿದವರು. ಅಣ್ಣಾವ್ರ ಹಾಡು ಅಂದರೆ ಅವರೇ ಹಾಡಬೇಕು. ಒಂದು ಸಂಜೆ ಶಾಮಿಯಾನದ ಹಿಂದೆ ಅವರು ಪ್ರಾಕ್ಟೀಸ್ ಮಾಡುವಾಗ ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕೀಬೋರ್ಡ್ ನುಡಿಸುವವನು ಇಪ್ಪತ್ತರ ಆಸುಪಾಸಿನ ಹುಡುಗ. ಕೀಬೋರ್ಡಿನ ಮೇಲೆ ಬಿಳಿ ಟೇಪ್ ಅಂಟಿಸಿ ಯಾವ ಹಾಡಿಗೆ ಯಾವ ಟೋನ್ ಅಂತ ಪೆನ್ನಿನಲ್ಲಿ ನಂಬರ್ ಬರೆದುಕೊಂಡಿದ್ದ. ಮೇಷ್ಟ್ರು ಪಲ್ಲವಿ ಹಾಡಿದರು, ಚರಣಕ್ಕೆ ಹೋದರು, ಮೇಲಿನ ಸ್ವರದ ಹತ್ತಿರ ದನಿ ಒಡೆಯಿತು. ಹುಡುಗ ಏನೂ ಹೇಳದೆ ಅವರ ಮುಖ ನೋಡಿದ.

"ಇಳ್ಸಪ್ಪಾ" ಅಂದರು.

ಅವನು ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಒತ್ತಿದ. ಚಿಕ್ಕ ಪರದೆಯಲ್ಲಿ ಮೈನಸ್ ಎರಡು ಅಂತ ಬಂತು. "ಇಷ್ಟು ಸಾಕಾ ಸಾರ್?"

"ಸಾಕು. ಆದ್ರೆ ರಿದಂ ಸ್ವಲ್ಪ ನಿಧಾನ ಮಾಡು. ಉಸಿರಿಗೆ ಜಾಗ ಬಿಡು ನಂಗೆ."

ಪ್ಯಾಡ್ ನುಡಿಸುವ ಹುಡುಗನೂ ತಲೆ ಆಡಿಸಿದ. ಮತ್ತೆ ಶುರು ಮಾಡಿದರು. ಅದೇ ಹಾಡು, ಆದರೆ ಬೇರೆ. ಮೊದಲು ಪ್ರೀತಿ ಶುರುವಾದವನ ಹಾಡಾಗಿದ್ದದ್ದು ಈಗ ಆ ಪ್ರೀತಿ ಜೊತೆ ನಲವತ್ತು ವರ್ಷ ಬಾಳಿದವನ ಹಾಡಾಗಿತ್ತು. ಅಕ್ಷರ ಒಂದೂ ಬದಲಾಗಿರಲಿಲ್ಲ. ರಾತ್ರಿ ಜನ 'ಒನ್ಸ್ ಮೋರ್' ಅಂತ ಕೂಗಿದ್ದು ಇದೇ ಹಾಡಿಗೆ. ಆಮೇಲೆ ಬಂದ ಹೊಸ ಸಿನಿಮಾ ಹಾಡಿಗೆ ಹುಡುಗರು ಕುಣಿದರು, ಆದರೆ ಯಾರೂ ಒನ್ಸ್ ಮೋರ್ ಅನ್ನಲಿಲ್ಲ.

ನಮ್ಮ ಸಂಗೀತದಲ್ಲಿ ಇದು ಹೊಸದೇನಲ್ಲ. ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸೆ ಆದ ಮೇಲೆ ಪೂರ್ತಿ ಬದಲಾಯಿತು, ಗಡಸಾಯಿತು. ಆ ಗಡಸು ದನಿಗೇ ಈ ನಾಡು ಕೈ ಮುಗಿಯಿತು. ಮಲ್ಲಿಕಾರ್ಜುನ ಮನ್ಸೂರರನ್ನು ಎಂಬತ್ತರ ಹತ್ತಿರ ಕೂಡಿಸಿಕೊಂಡು ಕೇಳಿದ ಜನ, ಇವರ ಕಾಲ ಮುಗಿಯಿತು ಅಂತ ಎದ್ದು ಹೋಗಲಿಲ್ಲ. ವಯಸ್ಸಾದಂತೆ ಹಾಡುವವರು ಮಾಗುತ್ತಾರೆ ಅನ್ನುವುದು ನಮಗೆ ಯಾರೂ ಹೇಳಿಕೊಡಬೇಕಾದ ವಿಷಯ ಅಲ್ಲ. ರಾಕ್ ಮಾತ್ರ ಹುಟ್ಟಿದಾಗಿನಿಂದ ಯೌವನವನ್ನೇ ಮಾರಿಕೊಂಡು ಬಂತು. ಹಾಗಾಗಿ ಅದನ್ನು ಕೇಳುವವರಿಗೂ, ಹಾಡುವವರಿಗೂ ಮುಪ್ಪು ಅಂದರೆ ಸೋಲು ಅನ್ನಿಸಿಬಿಡುತ್ತದೆ. ಈ ವಿಷಯದಲ್ಲಿ ಧಾರವಾಡದಿಂದ ಅವರು ಕಲಿಯುವುದು ಬಹಳ ಇದೆ ಅಂತ ನಾನು ನಿಜವಾಗಿ ನಂಬಿದ್ದೇನೆ.

ಅಲ್ಲಿಯವರಲ್ಲೂ ಕೆಲವರು ಕಲಿತರು. ಜಾನಿ ಕ್ಯಾಶ್ ರಾಕ್ ಬ್ಯಾಂಡಿನವರಲ್ಲ, ಕಂಟ್ರಿ ಹಾಡುಗಾರರು, ಆದರೂ ಅವರ ಮಾತು ಬಿಡಲಾರೆ. ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ 1994ರಲ್ಲಿ ತಂದ 'ಹರ್ಟ್' ಅನ್ನುವ ಹಾಡನ್ನು ಕ್ಯಾಶ್ 2002ರಲ್ಲಿ ಹಾಡಿದರು. ಆಗ ಅವರಿಗೆ 70, ಮೈ ಪೂರ್ತಿ ಸೋತಿತ್ತು. ದನಿ ನಡುಗುತ್ತದೆ, ಆ ನಡುಕವೇ ಹಾಡು. ಮರುವರ್ಷ ತೀರಿಕೊಂಡರು. ಇವತ್ತು ಬಹಳ ಜನ ಅದು ಅವರದೇ ಹಾಡು ಅಂದುಕೊಂಡಿದ್ದಾರೆ.

ಈಗ ನನ್ನ ಅಳಿಯ ಹೇಳುವ ಇನ್ನೊಂದು ಮಾತು. ಹಳೆ ಬ್ಯಾಂಡುಗಳು ಈಗಿನವರ ಫೋನಿಗೆ ಬರುವುದು ಸೀರೀಸಿನಿಂದ, ರೀಲ್ಸಿನಿಂದ, ಅದರಲ್ಲಿ ಬ್ಯಾಂಡಿನ ಹೆಚ್ಚುಗಾರಿಕೆ ಏನೂ ಇಲ್ಲ ಅಂತ. 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಸೀರೀಸಿನಲ್ಲಿ ಬಂದಿದ್ದಕ್ಕೆ ಮೆಟಾಲಿಕಾದ 1986ರ ಹಾಡೊಂದು ಮೊದಲ ಸಲ ಅಮೆರಿಕದ ಟಾಪ್ 100 ಪಟ್ಟಿಗೆ ಬಂತು. ಅದೇ ಸೀರೀಸಿನಿಂದ ಕೇಟ್ ಬುಷ್ ಅವರ 1985ರ ಹಾಡು ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ನಿಜ. ಅಮೆರಿಕದಲ್ಲಿ ಜನ ಕೇಳುವ ಸಂಗೀತದಲ್ಲಿ ಮುಕ್ಕಾಲು ಪಾಲಿನ ಹತ್ತಿರದಷ್ಟು ಒಂದೂವರೆ ವರ್ಷಕ್ಕಿಂತ ಹಳೆಯದು ಅಂತಲೂ ಲೆಕ್ಕ ಇದೆ. ಒಂದೂವರೆ ವರ್ಷವನ್ನು ಹಳೆಯದು ಅನ್ನಬೇಕಾ ಅನ್ನುವುದು ಬೇರೆ ಪ್ರಶ್ನೆ, ಆದರೆ ಕೇಳುವ ಕಿವಿಗೆ ಈಗ ಇಸವಿಯ ಹಂಗಿಲ್ಲ. 1971, 2021 ಎರಡೂ ಒಂದೇ ಪರದೆಯಲ್ಲಿ ಪಕ್ಕಪಕ್ಕ ಸಿಗುತ್ತವೆ.

ಆದರೆ ಇಲ್ಲಿ ಅಳಿಯನ ಮಾತಿನಲ್ಲಿ ಸತ್ಯ ಇದೆ. ಹಳೆ ಹಾಡು ಬದುಕಿರುವುದೇ ಬೇರೆ, ಬ್ಯಾಂಡ್ ಬದುಕಿರುವುದೇ ಬೇರೆ. ಲಂಡನ್ನಿನಲ್ಲಿ 2022ರಿಂದ ಅಬ್ಬಾ ತಂಡದ ಕಾರ್ಯಕ್ರಮ ನಡೆಯುತ್ತಿದೆ. ವೇದಿಕೆ ಮೇಲೆ ಕಾಣುವುದು ಕಂಪ್ಯೂಟರಿನಲ್ಲಿ ಮಾಡಿದ, ಎಪ್ಪತ್ತರ ದಶಕದ ಚೆಲುವಿನ ನಾಲ್ಕು ಜನ. ಜನ ಖುಷಿಯಾಗಿ ನೋಡಿ ಬರುತ್ತಾರೆ, ನೋಡಲಿ. ಕಿಸ್ ತಂಡ 2023ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಕೊನೆಯ ಕಾರ್ಯಕ್ರಮ ಮುಗಿಸಿ, ಮುಂದೆ ನಮ್ಮ ಬದಲು ಇಂಥದೇ ಬೊಂಬೆಗಳು ಹಾಡುತ್ತವೆ ಅಂತ ಅಲ್ಲೇ ತೋರಿಸಿತು. ನನಗೆ ಅದು ಬೇಡ. ಮುಪ್ಪಾಗದ ಮುಖದಿಂದ ನನಗೆ ಹೊಸದಾಗಿ ಏನು ಸಿಗಬೇಕು? ಸಿಂಹಾಸನದಲ್ಲಿ ಕೂತ ಆಝಿ ಅವರ ಒಂದು ಒಡೆದ ಸಾಲು ನನಗೆ ಇದಕ್ಕಿಂತ ಸಾವಿರ ಪಾಲು ಮೇಲು.

ಹೆಸರು ಮಾರುವ ಮಾತಿಗೆ ಬರೋಣ. ಅಮೆರಿಕದ ಲಿನರ್ಡ್ ಸ್ಕಿನರ್ಡ್ ರಾಕ್ ತಂಡದ ಮೂಲ ಸದಸ್ಯರಲ್ಲಿ ಕೊನೆಯವರಾಗಿ ಉಳಿದಿದ್ದ ಗ್ಯಾರಿ ರಾಸಿಂಗ್ಟನ್ 2023ರಲ್ಲಿ ತೀರಿಕೊಂಡರು. ತಂಡ ಇನ್ನೂ ಅದೇ ಹೆಸರಿನಲ್ಲಿ ಹಾಡುತ್ತಿದೆ. ಇದು ಸರಿಯಾ? ತುಮಕೂರು ಜಿಲ್ಲೆಯವನಾಗಿ ನಾನು ಇದಕ್ಕೆ ಥಟ್ಟನೆ ತಪ್ಪು ಅನ್ನಲಾರೆ. ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಚೆ ಗುಬ್ಬಿ. ಅಲ್ಲಿ 1884ರಲ್ಲಿ ಶುರುವಾದದ್ದು ಚನ್ನಬಸವೇಶ್ವರ ನಾಟಕ ಕಂಪನಿ. ಅದರ ಹೆಸರು ಹೇಳಿದರೆ ನೆನಪಾಗುವ ಗುಬ್ಬಿ ವೀರಣ್ಣನವರು ಹುಟ್ಟಿದ್ದೇ 1891ರಲ್ಲಿ. ಅಂದರೆ ಅವರೇ ಆ ಕಂಪನಿಗೆ ಆಮೇಲೆ ಬಂದವರು. ಹುಡುಗನಾಗಿ ಬಂದು ಮಾಲೀಕರಾದರು. ಅವರ ಕಾಲದಲ್ಲಿ ಅಲ್ಲಿ ಬಣ್ಣ ಹಚ್ಚಿದವರಲ್ಲಿ ರಾಜ್‌ಕುಮಾರ್ ಇದ್ದರು, ಜಿ.ವಿ. ಅಯ್ಯರ್ ಇದ್ದರು, ಬಿ.ವಿ. ಕಾರಂತರು ಇದ್ದರು. ಮೊದಲಿನವರು ಒಬ್ಬರೂ ಇಲ್ಲದೆಯೂ ಗುಬ್ಬಿ ಕಂಪನಿ ಗುಬ್ಬಿ ಕಂಪನಿಯೇ ಆಗಿತ್ತು, ಯಾಕಂದ್ರೆ ಒಳಗೆ ಬಂದ ಹುಡುಗರು ಅಲ್ಲಿ ಕಲಿತು ದೊಡ್ಡವರಾಗುತ್ತಿದ್ದರು. ಹಳೆ ಪಾತ್ರವನ್ನು ಹಳಬರ ಹಾಗೇ ಅನುಕರಣೆ ಮಾಡುವುದಕ್ಕಷ್ಟೇ ಅವರನ್ನು ಸೇರಿಸಿಕೊಂಡಿದ್ದರೆ ಕಂಪನಿ ಯಾವತ್ತೋ ಮುಚ್ಚುತ್ತಿತ್ತು.

ಹಾಗಾಗಿ ಮೂಲದವರು ಎಷ್ಟು ಜನ ಉಳಿದಿದ್ದಾರೆ ಅಂತ ನಾನು ಎಣಿಸುವುದಿಲ್ಲ. ಹೊಸಬರಿಗೆ ಒಳಗೆ ಏನು ಕೆಲಸ ಕೊಟ್ಟಿದ್ದಾರೆ ಅಂತ ನೋಡುತ್ತೇನೆ. ದೆಹಲಿಯ ಇಂಡಿಯನ್ ಓಷನ್ ತಂಡದ ಅಶೀಮ್ ಚಕ್ರವರ್ತಿ 2009ರಲ್ಲಿ ತೀರಿಕೊಂಡರು. ಆ ದನಿ ಇಲ್ಲದ ತಂಡವನ್ನು ಯಾರೂ ಊಹಿಸಿರಲಿಲ್ಲ. ಆಮೇಲೆ ಗಿಟಾರಿನ ಸುಸ್ಮಿತ್ ಸೇನ್ ಕೂಡ ಬಿಟ್ಟರು. ಉಳಿದವರು ಹೊಸಬರನ್ನು ಸೇರಿಸಿಕೊಂಡು, ಅವರ ದನಿಗೂ ಕೈಗೂ ತಕ್ಕ ಹೊಸ ಹಾಡು ಕಟ್ಟಿಕೊಂಡು ನಡೆದರು. ಮೊದಲಿನ ಹಾಗಿಲ್ಲ ಅನ್ನುವವರು ಇದ್ದಾರೆ. ಇಲ್ಲ, ಮೊದಲಿನ ಹಾಗಿಲ್ಲ. ಇರಬೇಕಾಗಿಯೂ ಇಲ್ಲ.

ಐರನ್ ಮೇಡನ್ ವಿಷಯ ಹೇಳದೆ ಇರಲಾರೆ. 2007ರ ಮಾರ್ಚ್ 17ರಂದು ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾವು ತುಮಕೂರಿನಿಂದ ಗುಂಪು ಕಟ್ಟಿಕೊಂಡು ಹೋಗಿದ್ದೆವು. ಬ್ಯಾಂಡಿಗೆ ಆಗಲೇ ಮೂವತ್ತು ದಾಟಿತ್ತು, 1975ರಲ್ಲಿ ಶುರುವಾದದ್ದು. ಆಗಲೂ ಮುದುಕರ ಬ್ಯಾಂಡ್ ಅಂದವರಿದ್ದರು. ನಮಗೆ ಅಷ್ಟು ದೊಡ್ಡ ಬ್ಯಾಂಡ್ ನಮ್ಮ ಕಡೆ ಬಂದದ್ದೇ ಹಬ್ಬ. ಅವರು ಬರೀ ಹಳೆಯದನ್ನು ಹಾಡಿ ಹೋಗಲಿಲ್ಲ, ಹಿಂದಿನ ವರ್ಷ ತಂದಿದ್ದ ಆಲ್ಬಂನ ಹಾಡುಗಳನ್ನೂ ಹಾಡಿದರು. ಕೇಳಿದರೆ ಕೇಳಿ ಅನ್ನುವ ಧೈರ್ಯ ಅದರಲ್ಲಿತ್ತು. ಮುಗಿಸಿಕೊಂಡು ಗೊರಗುಂಟೆಪಾಳ್ಯಕ್ಕೆ ಬಂದು, ಗಂಟಲಿನಲ್ಲಿ ದನಿಯಿಲ್ಲದೆ ಕೈಸನ್ನೆ ಮಾಡಿ ತುಮಕೂರು ಬಸ್ಸು ಹತ್ತಿದೆವು. ಕಂಡಕ್ಟರ್ ಟಿಕೆಟ್ ಕೇಳಿದರೆ ಒಬ್ಬರಿಗೂ ಮಾತು ಹೊರಡುತ್ತಿಲ್ಲ.

ಆವತ್ತು ಡ್ರಮ್ಸ್ ಬಾರಿಸಿದ ನಿಕೊ ಮೆಕ್‌ಬ್ರೇನ್ ಅವರಿಗೆ 2023ರ ಜನವರಿಯಲ್ಲಿ ಸ್ಟ್ರೋಕ್ ಆಯಿತು. ಬಲಭಾಗ ಸ್ವಾಧೀನ ತಪ್ಪಿತು. ಕೆಲವೇ ತಿಂಗಳಲ್ಲಿ ಮತ್ತೆ ಪ್ರವಾಸಕ್ಕೆ ಬಂದರು. ಕೆಲವು ವೇಗದ ಹೊಡೆತಗಳು ಕೈಗೆ ಬರುತ್ತಿಲ್ಲ ಅಂತ ತಾವೇ ಹೇಳಿಕೊಂಡರು, ನುಡಿಸುವ ರೀತಿ ಬದಲಿಸಿಕೊಂಡರು. 2024ರ ಡಿಸೆಂಬರ್‌ನಲ್ಲಿ, ಇನ್ನು ಪ್ರವಾಸ ಮಾಡಲಾರೆ ಅಂತ ಮರ್ಯಾದೆಯಿಂದ ಸರಿದು ನಿಂತರು. ಏರೋಸ್ಮಿತ್‌ನ ಸ್ಟೀವನ್ ಟೈಲರ್ ಅವರೂ 2007ರಲ್ಲೇ ಅದೇ ಅರಮನೆ ಮೈದಾನದಲ್ಲಿ ಹಾಡಿದ್ದವರು. ಗಂಟಲಿಗೆ ಪೆಟ್ಟು ಬಿದ್ದು ಸರಿಹೋಗದೆ, ಅವರ ತಂಡ 2024ರಲ್ಲಿ ಪ್ರವಾಸ ನಿಲ್ಲಿಸಿತು. ಆದರೆ ಸಂಗೀತ ನಿಲ್ಲಿಸಲಿಲ್ಲ. 2025ರಲ್ಲಿ ಇಂಗ್ಲೆಂಡಿನ ಹಾಡುಗಾರ ಯಂಗ್‌ಬ್ಲಡ್ ಜೊತೆ ಸೇರಿ ಒಂದು ಚಿಕ್ಕ ಆಲ್ಬಂ ತಂದರು. ಯಂಗ್‌ಬ್ಲಡ್ ಹುಟ್ಟಿದ್ದು 1997ರಲ್ಲಿ. ಆಝಿ ಅವರ ಆ ಕೊನೆಯ ಕಾರ್ಯಕ್ರಮದಲ್ಲಿ ಸಬ್ಬತ್‌ನ 1972ರ ಹಾಡನ್ನು ಹಾಡಿ ಇಡೀ ಮೈದಾನವನ್ನು ಅಳಿಸಿದ್ದೂ ಇದೇ ಹುಡುಗ.

ರೋಲಿಂಗ್ ಸ್ಟೋನ್ಸ್ 18 ವರ್ಷಗಳ ನಂತರ ಸ್ವಂತ ಹಾಡುಗಳ ಆಲ್ಬಂ ತಂದದ್ದು 2023ರಲ್ಲಿ. ಅದನ್ನು ಮಾಡಿಸಿದ ನಿರ್ಮಾಪಕ ಆಂಡ್ರ್ಯೂ ವಾಟ್ 1990ರಲ್ಲಿ ಹುಟ್ಟಿದವರು. ತೀರಿಹೋದ ಡ್ರಮ್ಮರ್ ಚಾರ್ಲಿ ವಾಟ್ಸ್ ಮೊದಲೇ ನುಡಿಸಿಟ್ಟಿದ್ದ ಎರಡು ಹಾಡು ಅದರಲ್ಲಿವೆ, ಉಳಿದವಕ್ಕೆ ಸ್ಟೀವ್ ಜೋರ್ಡನ್. ನನಗೆ ಎಲ್ಲ ಹಾಡೂ ಹಿಡಿಸಲಿಲ್ಲ. ಕೆಲವು ಕಡೆ ಜಾಗರ್ ಅವರ ದನಿಯನ್ನು ಅತಿಯಾಗಿ ತಿದ್ದಿ ನುಣುಪು ಮಾಡಿದ್ದಾರೆ ಅನ್ನಿಸಿತು. ಆದರೆ ಕೊನೆಯಲ್ಲಿ ಜಾಗರ್, ರಿಚರ್ಡ್ಸ್ ಇಬ್ಬರೇ ಕೂತು, ಗಿಟಾರು ಮೌತ್ ಆರ್ಗನ್ ಇಟ್ಟುಕೊಂಡು, ಮಡ್ಡಿ ವಾಟರ್ಸ್ ಅವರ ಹಳೆ ಬ್ಲೂಸ್ ಹಾಡುತ್ತಾರೆ. ಬ್ಯಾಂಡ್ ತನ್ನ ಹೆಸರನ್ನು ಇಟ್ಟುಕೊಂಡದ್ದೇ ಆ ಹಾಡಿನಿಂದ. ಅಲ್ಲಿ ದನಿಯ ಗೀರುಗಳನ್ನು ಹಾಗೇ ಬಿಟ್ಟಿದ್ದಾರೆ. ಇಡೀ ಆಲ್ಬಂ ಹೀಗೇ ಇರಬಾರದಿತ್ತಾ ಅಂತ ಆಸೆಯಾಗುತ್ತದೆ.

ಟಿಕೆಟ್ ದರದ ಬಗ್ಗೆ ಅಳಿಯ ಹೇಳುವುದನ್ನು ಪೂರ್ತಿ ಒಪ್ಪುತ್ತೇನೆ. ಒಂದು ಸಂಜೆಗೆ ಒಬ್ಬ ವಿದ್ಯಾರ್ಥಿಯ ತಿಂಗಳ ಖರ್ಚನ್ನೇ ಕೇಳಿದರೆ, ಮುಂದೆ ನಿಲ್ಲುವವರೆಲ್ಲ ನನ್ನ ವಯಸ್ಸಿನವರೇ ಆಗುತ್ತಾರೆ. ಹುಡುಗರು ಬರದ ಕಡೆ ಯಾವ ಸಂಗೀತವೂ ಬಹಳ ದಿನ ಉಸಿರಾಡಲಾರದು.

ಕೊನೆಗೆ ಅವನಿಗೆ ಒಂದು ಕೆಲಸ ಕೊಟ್ಟೆ. ಡೀಪ್ ಪರ್ಪಲ್ 1972ರಲ್ಲಿ ಜಪಾನಿನಲ್ಲಿ ನುಡಿಸಿದ ಲೈವ್ ಆಲ್ಬಂ ಪೂರ್ತಿ ಕೇಳು, ಅದರ ಹಿಂದೆಯೇ 2024ರ ಆಲ್ಬಂ ಕೇಳು. ಎರಡರಲ್ಲೂ ಹಾಡುವವರು ಗಿಲ್ಲನ್, ಬಾಸ್ ರೋಜರ್ ಗ್ಲೋವರ್, ಡ್ರಮ್ಸ್ ಇಯಾನ್ ಪೇಸ್. ಪೇಸ್ ಅವರು 1968ರಿಂದ ಒಮ್ಮೆಯೂ ತಂಡ ಬಿಡದವರು, 2016ರಲ್ಲಿ ಸಣ್ಣ ಸ್ಟ್ರೋಕ್ ಆದ ಮೇಲೂ ಎದ್ದು ಬಂದವರು. ಹೊಸ ಆಲ್ಬಂನಲ್ಲಿ ಗಿಟಾರ್ ಸೈಮನ್ ಮೆಕ್‌ಬ್ರೈಡ್ ಅವರದು, ಗಿಲ್ಲನ್‌ಗಿಂತ ಮೂವತ್ತು ವರ್ಷಕ್ಕೂ ಚಿಕ್ಕವರು.

ಅವನು ಬೆಂಗಳೂರಿಗೆ ಹೋಗಿ ಬರುವ ರೈಲಿನಲ್ಲಿ ಎರಡನ್ನೂ ಕೇಳಿದ. ಹಳೆಯದರ ಮುಂದೆ ಯಾವುದೂ ಇಲ್ಲ ಅಂದ, ನಾನೂ ಹೌದು ಅಂದೆ. ಹೊಸದರಲ್ಲಿ ಗಿಟಾರ್ ಚೆನ್ನಾಗಿದೆ, ಡ್ರಮ್ಸ್ ಇನ್ನೂ ಚೆನ್ನಾಗಿದೆ, ಆದರೆ ಹಾಡು ಹಾಡಿದ ಹಾಗಿಲ್ಲ, ಯಾರೋ ಕತೆ ಹೇಳಿದ ಹಾಗಿದೆ ಅಂದ. ಅದೇ ಕಣೋ ನಂಗೆ ಇಷ್ಟ ಆಗಿದ್ದು ಅಂದೆ. ಅವನು ಒಪ್ಪಿಲ್ಲ. ಈ ಭಾನುವಾರ ಊಟಕ್ಕೆ ಬರುತ್ತಾನೆ, ಹೊಸದರ ಮೂರನೇ ಹಾಡನ್ನು ಜೋರಾಗಿ ಹಾಕಿ ಇನ್ನೊಂದು ಸಲ ವಾದ ಮಾಡಬೇಕು.